ಬಡಮಣ್ಣು

ಕೆಟರಿಂಗಿನ ಶಾಲೆಯವರು ಹಳೇ ಅಡುಗೆಮನೆ ಕೆಡವಿದಾಗ
ಉಳಿದವರು ತಟ್ಟೆ, ಗಡಿಯಾರ, ಮಗ್ಗಿಯ ಚಾರ್ಟು ಒಯ್ದರು.
ನಾನು ಕೇಳಿದ್ದು ಆ ಪಿಂಗಾಣಿ ತೊಟ್ಟಿ,
ಇಪ್ಪತ್ತೆರಡು ವರ್ಷ ಆಲೂಗಡ್ಡೆ ತೊಳೆದದ್ದು.
ಇಬ್ಬರು ಗಟ್ಟಿಗರು ವ್ಯಾನಿನಿಂದಿಳಿಸಿ, ಸೊಂಟ ಹಿಡಿದುಕೊಂಡು
"ಎಲ್ಲಿಡಲಿ, ಮಂಗಾ?" ಎಂದರು.
ಸರ್ವಮಂಗಳಾ ಅಲ್ಲಿ ಮೊದಲ ವಾರವೇ ತುಂಡಾಗಿದ್ದಳು.
ಅರ್ಥ ನಾನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಹಿತ್ತಲಲ್ಲಿ ಅಂಚಿನ ತನಕ ಹೂತೆವು.
ಕಿಂಡಿಗೆ ಬಿರಡೆ, ಬಿರಡೆಯ ಮೇಲೆ ಅಂಟು,
ಮೂಲೆಯಲ್ಲಿ ಇಟ್ಟಿಗೆಯ ಮೆಟ್ಟಿಲು,
ಬಿದ್ದ ಇಲಿಯೋ ಹೆಜ್‌ಹಾಗೋ ಹತ್ತಿ ಬರಲಿ ಎಂದು.
ನಲ್ಲಿಗೆ ಪೈಪು ಸಿಕ್ಕಿಸುವಷ್ಟರಲ್ಲಿ
ಬೇಲಿಯಾಚೆಯಿಂದ ಐಡಾ ಪಾರ್ಫಿಟ್ ಕೂಗಿದಳು:
ನಲ್ಲಿ ನೀರು ಬೇಡ, ಮಳೆ ಬರಲಿ.
ಬಂತು. ಈ ದೇಶದಲ್ಲಿ ಅದೊಂದಕ್ಕೆ ಹೇಳಿಕಳಿಸಬೇಕಿಲ್ಲ.

ಗಿಡಗಳನ್ನೂ ಅವಳೇ ಕೊಟ್ಟಳು,
ಐಸ್‌ಕ್ರೀಮ್ ಡಬ್ಬಿಯಲ್ಲಿ, ಒದ್ದೆ ಪತ್ರಿಕೆ ಸುತ್ತಿ:
ಬೇರೇ ಇಲ್ಲದ ಹಾರ್ನ್‌ವರ್ಟ್, ಬೆದರಿದ ಬೆಕ್ಕಿನ ಬಾಲ;
ಮಾರ್ಷ್ ಮ್ಯಾರಿಗೋಲ್ಡ್, ಚೆಂಡುಹೂವಿಗೂ ಇದಕ್ಕೂ
ಹೆಸರು ಬಿಟ್ಟರೆ ಯಾವ ನೆಂಟಸ್ತಿಕೆಯೂ ಇಲ್ಲ;
ರೂಪಾಯಿ ಬಿಲ್ಲೆಯಗಲದ ಎಲೆಯ ಫ್ರಾಗ್‌ಬಿಟ್,
ತಾವರೆಯ ಸೀರೆ ಉಟ್ಟ ಚಿಕ್ಕ ಹುಡುಗಿ.
"ಎಲ್ಲ ಇಲ್ಲಿಯವೇ. ಅಂಗಡಿಯಲ್ಲಿ ಚಂದ ಕಂಡದ್ದನ್ನು ತರಬೇಡ,
ಕಾಲುವೆಗೆ ಇಳಿದರೆ ಊರನ್ನೇ ನುಂಗುತ್ತೆ."
ನಮ್ಮ ಕೆರೆಯನ್ನು ಅಂತರಗಂಗೆ ಮುಚ್ಚಿದ ವರ್ಷ
ಹುಲ್ಲೆಂದು ನಂಬಿ ಎಮ್ಮೆಗರು ಕಾಲಿಟ್ಟದ್ದು ನೆನಪಾಗಿ
ತಲೆಯಾಡಿಸಿದೆ.

ಗೊಬ್ಬರ? ಅಂದೆ.
ಬೇಡ.
ತೋಟದ ಮಣ್ಣಾದರೂ?
ಬೇಡ, ಮಂಗಾ. ಜಲ್ಲಿ ಸಾಕು. ಬಡಮಣ್ಣು.
ನೀರು ಹಸಿದಿರಬೇಕು.

ಹಸಿದಿರಬೇಕಂತೆ! ಹೇಳಿದ್ದು ಯಾರಿಗೆ ನೋಡಿ.
ಮುನ್ನೂರು ತಟ್ಟೆಗೆ ದಿನವೂ ಸೌಟು ಬಗ್ಗಿಸಿದ ಕೈ ಇದು.
ಸಾಕು ಅಂದವರಿಗೆ ಇನ್ನೊಂದು ಸೌಟು,
ಬೇಡ ಅಂದವರಿಗೆ ಅರ್ಧ,
ದುಡ್ಡು ತರದ ದಿನ ತಲೆ ತಗ್ಗಿಸಿ ನಿಂತ ಡೀನ್ ಎಂಬ ಹುಡುಗನಿಗೆ
ಏನೂ ಕೇಳದೆ ಎರಡು.

ಆ ಕೈ ಸುಮ್ಮನಿರಲಿಲ್ಲ. ಜೂನಿನ ಒಂದು ರಾತ್ರಿ
ಪಾತ್ರೆಯ ತಳದ ಅನ್ನ ಒಯ್ದು ಸುರಿದೆ,
ಕಪ್ಪೆಯೋ ಹುಳವೋ, ಯಾರಾದರೂ ಉಣ್ಣಲಿ ಅಂತ.
ವಾರ ಕಳೆಯಲಿಲ್ಲ, ನೀರು ಬಟಾಣಿ ಸಾರಾಯಿತು.
ಎರಡನೇ ವಾರಕ್ಕೆ ಕಿಟಕಿ ಮುಚ್ಚಿದೆ.
ಐಡಾ ಬಂದಳು, ನೀರು ನೋಡಿದಳು,
ತೇಲುತ್ತಿದ್ದ ಒಂದೇ ಒಂದು ಅಗುಳನ್ನೂ ನೋಡಿದಳು.
ಏನೂ ಅನ್ನದೆ ಬಿದಿರುಕೋಲು ಕೈಗಿಟ್ಟಳು.

ಪಾಚಿಯನ್ನು ಕೋಲಿಗೆ ಸುತ್ತಬೇಕು, ಶ್ಯಾವಿಗೆಯಂತೆ.
ಸುತ್ತಿದ್ದನ್ನು ಆಗಲೇ ಎಸೆಯಬಾರದು,
ಒಂದು ರಾತ್ರಿ ದಡದಲ್ಲಿ ಬಿಡಬೇಕು,
ಒಳಗೆ ಸಿಕ್ಕಿಕೊಂಡವರು ನಡೆದು ಮನೆ ಸೇರಲಿ.
ಟಾರ್ಚು ಹಿಡಿದು ಕೂತೆ. ನಿಜ:
ಸಾಸಿವೆಗಾತ್ರದ ಬಸವನಹುಳು, ಸಿಗಡಿಯ ಮರಿಯಂಥ ಎಂಥದೋ,
ಹೊಟ್ಟೆ ಎಳೆಯುತ್ತ ಅಂಚಿಗೆ ಬಂದು
ಡುಬಕ್ ಅಂತಲೂ ಅನ್ನದೆ ಇಳಿದವು,
ನನ್ನ ಉಪಚಾರಕ್ಕೆ ಉಸಿರುಗಟ್ಟಿದ್ದ ನೆಂಟರು.

ನವೆಂಬರಿಗೆ ಫ್ರಾಗ್‌ಬಿಟ್ ಕೊಳೆತು ಕಣ್ಮರೆ.
ಐಡಾ ಮಗಳ ಹತ್ತಿರ ಇರಲು ಹಲ್ ನಗರಕ್ಕೆ ಹೊರಟಳು.
"ತಳ ಕೆದಕಬೇಡ," ಅಷ್ಟೇ ಅವಳ ವಿದಾಯ.
ಚಳಿಗಾಲದಲ್ಲಿ ಎರಡು ಸಲ ಸೌಟು ಹಿಡಿದು ಹೋಗಿ
ಎರಡು ಸಲ ವಾಪಸು ಬಂದೆ.

ಏಪ್ರಿಲ್ ಕೊನೆ. ಬಟ್ಟೆ ಒಣಹಾಕುತ್ತಿದ್ದೆ.
ಕೆಸರಿನಿಂದ ಮೆಣಸಿನಕಾಳಿನಷ್ಟು ಹಸಿರು ಮೊಗ್ಗೊಂದು
ಮೇಲೆ ಬಂದು ನೀರಿಗೆ ಬೆನ್ನು ಕೊಟ್ಟು ನಿಂತಿತು.
ಆಮೇಲೆ ಇನ್ನೊಂದು.
ಕ್ಲಿಪ್ಪುಗಳು ಬಾಯಲ್ಲೇ ಉಳಿದವು.

ಸಂಜೆ ಹಲ್‌ಗೆ ಫೋನು ಮಾಡಿದೆ.
"ಎಷ್ಟು?" ಎಂದಳು. ಹನ್ನೊಂದು ಎಂದೆ.
"ಏನು ಹಾಕಿದೆ ಅದಕ್ಕೆ?"
ಏನೂ ಇಲ್ಲ, ಎಂದೆ.
ಇಷ್ಟು ಹೆಮ್ಮೆಯಿಂದ ಆ ಮಾತನ್ನು
ಈ ಬಾಯಿ ಹಿಂದೆಂದೂ ಆಡಿದ್ದಿಲ್ಲ.